ಮರೆವಿನ ರೋಗಕ್ಕೆ ಮದ್ದಿನ ಹುಡುಕಾಟ: ಪ್ರೊ. ವಿಜಯಲಕ್ಷ್ಮಿ ರವೀಂದ್ರನಾಥ್ ಅವರ ಮೆದುಳಿನ ಸಂಶೋಧನೆ

ಮನೆಯ ಹಿರಿಯರೊಬ್ಬರು ಬೆಳಿಗ್ಗೆ ತಿಂಡಿ ತಿಂದು ಅರ್ಧ ಗಂಟೆಯೊಳಗೆ "ಇವತ್ತು ನನಗೆ ತಿಂಡಿ ಕೊಡಲೇ ಇಲ್ಲವಲ್ಲ" ಎನ್ನುತ್ತಾರೆ. ನಲವತ್ತು ವರ್ಷ ತಪ್ಪದೆ ನಡೆದು ಹೋದ ಬಸದಿಯ ದಾರಿಯಲ್ಲೇ ನಿಂತು, ಯಾವ ಕಡೆ ತಿರುಗಬೇಕೆಂದು ತಿಳಿಯದೆ ಗಾಬರಿಯಾಗುತ್ತಾರೆ. ಮೊದಮೊದಲು ಮನೆಯವರು ನಗುತ್ತಾರೆ, ಆಮೇಲೆ ರೇಗುತ್ತಾರೆ, ಕೊನೆಗೆ ಭಯಪಡುತ್ತಾರೆ. "ವಯಸ್ಸಾಯಿತು, ಅರಳು ಮರಳು" ಎಂದು ಸಮಾಧಾನ ಮಾಡಿಕೊಳ್ಳುವುದು ನಮ್ಮಲ್ಲಿ ಹಿಂದಿನಿಂದಲೂ ಬಂದ ರೂಢಿ. ಆದರೆ ಎಲ್ಲ ಮರೆವೂ ವಯಸ್ಸಿನ ಮರೆವಲ್ಲ. ಅದರಲ್ಲಿ ಒಂದು ಭಾಗ ರೋಗ, ಇನ್ನೊಂದು ಭಾಗ ಸಕಾಲಕ್ಕೆ ಗಮನಿಸಿದರೆ ಸರಿಹೋಗುವಂಥದ್ದು.

ಭಾರತದಲ್ಲಿ 60 ವರ್ಷ ದಾಟಿದವರಲ್ಲಿ ಶೇ. 7.4ರಷ್ಟು ಮಂದಿ, ಅಂದರೆ ಸುಮಾರು 88 ಲಕ್ಷ ಜನ, ಡಿಮೆನ್ಷಿಯಾ ಅಥವಾ ಮರೆಗುಳಿ ಕಾಯಿಲೆಯೊಂದಿಗೆ ಬದುಕುತ್ತಿದ್ದಾರೆ ಎಂದು 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಅಂದಾಜು ಹೇಳುತ್ತದೆ. ಈ ರೋಗದ ಮೂಲವನ್ನು ಹುಡುಕಿ, ಅದಕ್ಕೆ ಮದ್ದು ಕಾಣುವ ಕೆಲಸದಲ್ಲಿ ದಶಕಗಳನ್ನು ಕಳೆದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನರವಿಜ್ಞಾನ ಪ್ರಾಧ್ಯಾಪಕಿಯಾಗಿದ್ದ ವಿಜಯಲಕ್ಷ್ಮಿ ರವೀಂದ್ರನಾಥ್. ಅವರ ಸಂಶೋಧನೆಯಲ್ಲಿ ಕೇಸರಿ ಬೇಳೆಯಿದೆ, ನಿದ್ದೆ ಮಾತ್ರೆಯಿದೆ, ಅಶ್ವಗಂಧದ ಬೇರಿದೆ, ಕೋಲಾರ ಜಿಲ್ಲೆಯ ಹಳ್ಳಿಗಳಿವೆ. ಆದ್ದರಿಂದ ಅದನ್ನು ಪ್ರತಿಯೊಂದು ಮನೆಯವರೂ ತಿಳಿದಿರುವುದು ಉಪಯುಕ್ತ.

ಸಂಶೋಧಕಿಯ ಹಾದಿ

ಆಂಧ್ರ ವಿಶ್ವವಿದ್ಯಾಲಯದಲ್ಲಿ ಬಿ.ಎಸ್ಸಿ. ಮತ್ತು ಎಂ.ಎಸ್ಸಿ. ಮುಗಿಸಿದ ವಿಜಯಲಕ್ಷ್ಮಿ ಅವರು 1981ರಲ್ಲಿ ಮೈಸೂರು ವಿಶ್ವವಿದ್ಯಾಲಯದಿಂದ ಜೀವರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದರು. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯಲ್ಲಿ ತರಬೇತಿ ಪಡೆದು ಹಿಂದಿರುಗಿ, 1986ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸೇರಿದರು. 1996ರಲ್ಲಿ ಶಾಂತಿಸ್ವರೂಪ್ ಭಟ್ನಾಗರ್ ಪ್ರಶಸ್ತಿ ಬಂತು. ಕೇಂದ್ರ ಸರ್ಕಾರದ ಜೈವಿಕ ತಂತ್ರಜ್ಞಾನ ಇಲಾಖೆಯು ಹರಿಯಾಣದ ಮಾನೇಸರದಲ್ಲಿ ರಾಷ್ಟ್ರೀಯ ಮೆದುಳು ಸಂಶೋಧನಾ ಕೇಂದ್ರವನ್ನು ಕಟ್ಟಿದಾಗ ಅದರ ಸ್ಥಾಪಕ ನಿರ್ದೇಶಕಿಯಾದರು. ಬಳಿಕ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಅಲ್ಲಿನ ನರವಿಜ್ಞಾನ ಕೇಂದ್ರವನ್ನು ಬೆಳೆಸಿದರು. 2010ರಲ್ಲಿ ಪದ್ಮಶ್ರೀ ಗೌರವ ಸಂದಿತು.

ಇನ್ಫೋಸಿಸ್ ಸಹಸ್ಥಾಪಕ ಕ್ರಿಸ್ ಗೋಪಾಲಕೃಷ್ಣನ್ ದಂಪತಿಯ ಪ್ರತೀಕ್ಷಾ ಟ್ರಸ್ಟ್ ನೀಡಿದ ದೊಡ್ಡ ಕೊಡುಗೆಯಿಂದ ಇದೇ ಸಂಸ್ಥೆಯ ಆವರಣದಲ್ಲಿ ಮೆದುಳು ಸಂಶೋಧನಾ ಕೇಂದ್ರ ಸ್ಥಾಪನೆಯಾಯಿತು. ಮುಪ್ಪಿನಲ್ಲಿ ಮೆದುಳಿಗೆ ಏನಾಗುತ್ತದೆ ಎಂಬುದೇ ಈ ಕೇಂದ್ರದ ಮುಖ್ಯ ವಿಷಯ. ಅದಕ್ಕೂ ವಿಜಯಲಕ್ಷ್ಮಿ ಅವರೇ ಸ್ಥಾಪಕ ನಿರ್ದೇಶಕಿ.

ಮೆದುಳಿಗೆ ಮದ್ದು ಕಂಡುಹಿಡಿಯುವುದು ಏಕೆ ಕಷ್ಟ?

ಮನುಷ್ಯನ ಮೆದುಳಿನ ತೂಕ ಒಂದೂವರೆ ಕಿಲೋಗಿಂತ ಕಡಿಮೆ. ಅದರೊಳಗೆ ಸುಮಾರು 8,600 ಕೋಟಿ ನರಕೋಶಗಳಿವೆ. ದೇಹದ ತೂಕದಲ್ಲಿ ನೂರಕ್ಕೆ ಎರಡು ಪಾಲು ಮಾತ್ರ ಇದ್ದರೂ ದೇಹ ಬಳಸುವ ಶಕ್ತಿಯಲ್ಲಿ ಐದನೇ ಒಂದು ಪಾಲನ್ನು ಮೆದುಳೇ ಉಪಯೋಗಿಸುತ್ತದೆ. ಚರ್ಮಕ್ಕೆ ಗಾಯವಾದರೆ ಹೊಸ ಚರ್ಮ ಬರುತ್ತದೆ. ಸತ್ತ ನರಕೋಶದ ಜಾಗಕ್ಕೆ ಹಾಗೆ ಹೊಸದು ಬರುವುದಿಲ್ಲ. ಹೀಗಾಗಿ ರೋಗದ ಚಿಹ್ನೆ ಹೊರಗೆ ಕಾಣುವ ಹೊತ್ತಿಗೆ ಒಳಗೆ ಸಾಕಷ್ಟು ನಷ್ಟ ಆಗಿಹೋಗಿರುತ್ತದೆ.

ಎರಡನೆಯ ತೊಡಕು ಮೆದುಳಿನ ಕಾವಲು. ಮೆದುಳಿನ ರಕ್ತನಾಳಗಳ ಗೋಡೆಯ ಕೋಶಗಳು ಒಂದಕ್ಕೊಂದು ಬಿಗಿಯಾಗಿ ಹೆಣೆದುಕೊಂಡಿರುತ್ತವೆ. ರಕ್ತದಲ್ಲಿರುವ ವಿಷ, ಕ್ರಿಮಿ ಒಳಗೆ ನುಗ್ಗದಂತೆ ಅವು ತಡೆಯುತ್ತವೆ. ಆದರೆ ಈ ಕಾವಲುಗಾರನಿಗೆ ಮದ್ದು ಯಾವುದು, ವಿಷ ಯಾವುದು ಎಂಬ ಭೇದವಿಲ್ಲ. ಒಳ್ಳೆಯ ಔಷಧಿಗಳೂ ಬಾಗಿಲಲ್ಲೇ ನಿಲ್ಲುತ್ತವೆ.

ಮೂರನೆಯದು, ಜೀವಂತ ವ್ಯಕ್ತಿಯ ಮೆದುಳಿನ ತುಣುಕನ್ನು ತೆಗೆದು ಪರೀಕ್ಷಿಸುವುದು ಸುಲಭವಲ್ಲ. ಈ ಕಾರಣಗಳಿಂದ ಮೆದುಳಿನ ಔಷಧಿಗಳ ಹುಡುಕಾಟದಲ್ಲಿ ಗೆಲುವಿಗಿಂತ ಸೋಲೇ ಹೆಚ್ಚು.

ಒಂದೇ ಮಾತ್ರೆ, ಬೇರೆ ಬೇರೆ ಪರಿಣಾಮ

ನಿಮ್ಹಾನ್ಸ್‌ನಲ್ಲಿದ್ದಾಗ ವಿಜಯಲಕ್ಷ್ಮಿ ಅವರು ಕೈಗೆತ್ತಿಕೊಂಡ ಪ್ರಶ್ನೆ ಸರಳವಾಗಿತ್ತು. ನುಂಗಿದ ಮಾತ್ರೆಯನ್ನು ಯಕೃತ್ತು, ಅಂದರೆ ಲಿವರ್, ಒಡೆದು ಬದಲಾಯಿಸುತ್ತದೆ. ಅದಕ್ಕೆ ಸೈಟೋಕ್ರೋಮ್ ಪಿ450 ಎಂಬ ಕಿಣ್ವಗಳ ಗುಂಪು ಬೇಕು. ಆ ಕಿಣ್ವಗಳು ಮೆದುಳಿನಲ್ಲೂ ಇವೆಯೇ? ಇದ್ದರೆ ಮಾತ್ರೆಯನ್ನು ಮೆದುಳು ತಾನೇ ಬದಲಾಯಿಸಿಕೊಳ್ಳುತ್ತದೆಯೇ?

ಮರಣೋತ್ತರವಾಗಿ ದೊರೆತ ಮಾನವ ಮೆದುಳಿನ ಅಂಗಾಂಶಗಳನ್ನು ಪರೀಕ್ಷಿಸಿದ ಅವರ ತಂಡ "ಹೌದು" ಎಂಬ ಉತ್ತರ ಕಂಡಿತು. ಆತಂಕಕ್ಕೆ, ನಿದ್ದೆಗೆ ಕೊಡುವ ಆಲ್ಪ್ರಜೋಲಾಮ್ ಇದಕ್ಕೆ ಉದಾಹರಣೆ. ಯಕೃತ್ತು ಇದನ್ನು ಹೆಚ್ಚಾಗಿ ಸತ್ವ ಕಡಿಮೆಯಾದ ರೂಪಕ್ಕೆ ಇಳಿಸುತ್ತದೆ. ಮೆದುಳಾದರೋ ಅದರಿಂದ ಇನ್ನೂ ಕೆಲಸ ಮಾಡಬಲ್ಲ ರೂಪವನ್ನು ಹೋಲಿಕೆಯಲ್ಲಿ ಹೆಚ್ಚು ತಯಾರಿಸುತ್ತದೆ. ರಕ್ತದಲ್ಲಿ ಔಷಧಿ ಎಷ್ಟಿದೆ ಎಂದು ಅಳೆದ ಮಾತ್ರಕ್ಕೆ ಮೆದುಳಿನಲ್ಲಿ ಏನು ನಡೆಯುತ್ತಿದೆ ಎಂಬುದು ಪೂರ್ತಿ ತಿಳಿಯುವುದಿಲ್ಲ ಎಂಬುದು ಇದರ ಅರ್ಥ. ಒಂದೇ ಪ್ರಮಾಣದ ಮಾತ್ರೆ ಒಬ್ಬರಿಗೆ ಹಿತವಾಗಿ, ಇನ್ನೊಬ್ಬರಿಗೆ ಮಂಪರು ತರಿಸಲು ಇಂಥ ವ್ಯತ್ಯಾಸಗಳೂ ಒಂದು ಕಾರಣವಾಗಬಲ್ಲವು.

ಮನೆಯವರಿಗೆ ಇದರಿಂದ ಒಂದು ನೇರ ಪಾಠವಿದೆ. ಅಕ್ಕಪಕ್ಕದವರಿಗೆ ಒಗ್ಗಿದ ನಿದ್ದೆ ಮಾತ್ರೆಯನ್ನು ತಂದು ಅಜ್ಜನಿಗೆ ಕೊಡಬಾರದು. ಈ ಗುಂಪಿನ ಮಾತ್ರೆಗಳು ವಯಸ್ಸಾದವರಲ್ಲಿ ಗೊಂದಲ, ಮರೆವು, ತೂರಾಡುವಿಕೆ ಮತ್ತು ಬೀಳುವಿಕೆಗೆ ಕಾರಣವಾಗುತ್ತವೆ. ವರ್ಷಗಟ್ಟಲೆ ತೆಗೆದುಕೊಳ್ಳುತ್ತಿದ್ದರೆ ಒಮ್ಮೆಲೇ ನಿಲ್ಲಿಸುವುದೂ ಅಪಾಯ. ವೈದ್ಯರ ಸಲಹೆಯಂತೆ ನಿಧಾನವಾಗಿ ಇಳಿಸಬೇಕು.

ಕೇಸರಿ ಬೇಳೆ ಹೇಳಿದ ಪಾಠ

ನೋಡಲು ತೊಗರಿ ಬೇಳೆಯಂತಿರುವ ಕೇಸರಿ ಬೇಳೆ ಬರಗಾಲದಲ್ಲೂ ಬೆಳೆಯುವ ಬೆಳೆ. ಮಧ್ಯ ಭಾರತದಲ್ಲಿ ಬರ ಬಂದ ವರ್ಷಗಳಲ್ಲಿ ಬಡ ಕೂಲಿಕಾರರು ತಿಂಗಳುಗಟ್ಟಲೆ ಇದನ್ನೇ ಉಂಡು, ಕಾಲುಗಳು ಸೆಟೆದು ನಡೆಯಲಾರದ ಸ್ಥಿತಿಗೆ ಬರುತ್ತಿದ್ದರು. ಇದಕ್ಕೆ ಲ್ಯಾಥಿರಿಸಂ ಎಂದು ಹೆಸರು. ಒಮ್ಮೆ ಬಂದರೆ ಹೋಗುವ ರೋಗವಲ್ಲ. ಬೇಳೆಯಲ್ಲಿರುವ ಬಿಓಎಎ ಎಂಬ ಅಮೈನೋ ಆಮ್ಲವೇ ಇಲ್ಲಿನ ವಿಷ.

ಈ ವಿಷ ನರಕೋಶವನ್ನು ಹೇಗೆ ಕೊಲ್ಲುತ್ತದೆ? 1998ರಲ್ಲಿ ವಿಜಯಲಕ್ಷ್ಮಿ ಅವರ ತಂಡ ಇದಕ್ಕೆ ಉತ್ತರ ಕೊಟ್ಟಿತು. ಪ್ರತಿ ಕೋಶದಲ್ಲೂ ಶಕ್ತಿ ಉತ್ಪಾದಿಸುವ ಮೈಟೋಕಾಂಡ್ರಿಯ ಎಂಬ ಭಾಗಗಳಿವೆ. ಅವುಗಳ ಮೊದಲ ಯಂತ್ರವೇ ಈ ವಿಷದಿಂದ ಕೆಟ್ಟು ನಿಲ್ಲುತ್ತದೆ. ಅದಕ್ಕೆ ಕಾರಣ ಉತ್ಕರ್ಷಣ. ಕಬ್ಬಿಣಕ್ಕೆ ತುಕ್ಕು ಹಿಡಿಯುವುದೂ ಉತ್ಕರ್ಷಣವೇ. ಕೋಶದ ಪ್ರೋಟೀನುಗಳಲ್ಲಿರುವ ಗಂಧಕದ ಗುಂಪುಗಳಿಗೆ ಹಾಗೆ "ತುಕ್ಕು" ಹಿಡಿದಾಗ ಯಂತ್ರ ನಿಲ್ಲುತ್ತದೆ, ಶಕ್ತಿಯಿಲ್ಲದೆ ನರಕೋಶ ಸಾಯುತ್ತದೆ.

ಈ ತುಕ್ಕನ್ನು ಬಿಡಿಸುವ ಕಿಣ್ವವೊಂದು ದೇಹದಲ್ಲೇ ಇದೆ. ಅದರ ಹೆಸರು ಗ್ಲುಟಾರೆಡಾಕ್ಸಿನ್. ಲ್ಯಾಥಿರಿಸಂ ಗಂಡಸರಲ್ಲಿ ಹೆಚ್ಚು, ಹೆಂಗಸರಲ್ಲಿ ಕಡಿಮೆ ಎಂಬುದು ಹಿಂದಿನಿಂದ ಗಮನಕ್ಕೆ ಬಂದ ಸಂಗತಿ. ಪ್ರಯೋಗಾಲಯದ ಹೆಣ್ಣು ಇಲಿಗಳಿಗೂ ಈ ವಿಷ ಅಷ್ಟಾಗಿ ತಟ್ಟಲಿಲ್ಲ. ಸ್ತ್ರೀ ಹಾರ್ಮೋನಾದ ಈಸ್ಟ್ರೋಜೆನ್‌ನ ಕೆಲಸವನ್ನು ತಡೆದಾಗ ಗ್ಲುಟಾರೆಡಾಕ್ಸಿನ್ ಕಡಿಮೆಯಾಯಿತು, ಆಗ ಹೆಣ್ಣು ಇಲಿಗಳೂ ವಿಷಕ್ಕೆ ಈಡಾದವು. ಬಡವರ ಬಟ್ಟಲಿನ ಬೇಳೆಯಿಂದ ಶುರುವಾದ ಪ್ರಶ್ನೆ ಹೀಗೆ ನರಕೋಶದ ಆತ್ಮರಕ್ಷಣೆಯ ಗುಟ್ಟಿನವರೆಗೆ ಬಂತು. ಈ ಕಿಣ್ವ ಮುಂದೆ ಆಲ್ಜೈಮರ್ ಸಂಶೋಧನೆಯಲ್ಲೂ ಮತ್ತೆ ಎದುರಾಗುತ್ತದೆ.

ಆಲ್ಜೈಮರ್ ಎಂದರೇನು?

ಡಿಮೆನ್ಷಿಯಾ ಒಂದು ಗುಂಪಿನ ಹೆಸರು. ಅದರಲ್ಲಿ ಅತಿ ಹೆಚ್ಚಾಗಿ ಕಾಣುವುದು ಆಲ್ಜೈಮರ್. 1901ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಆಸ್ಪತ್ರೆಗೆ 51 ವರ್ಷದ ಆಗಸ್ಟ್ ಡೀಟರ್ ಎಂಬ ಮಹಿಳೆಯನ್ನು ಕರೆತಂದರು. ಆಕೆಗೆ ತನ್ನ ಹೆಸರನ್ನು ಬರೆಯುವುದೂ ಮರೆತುಹೋಗುತ್ತಿತ್ತು. 1906ರಲ್ಲಿ ಆಕೆ ತೀರಿಕೊಂಡ ಮೇಲೆ ವೈದ್ಯ ಅಲೋಯಿಸ್ ಆಲ್ಜೈಮರ್ ಆಕೆಯ ಮೆದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ನರಕೋಶಗಳ ಹೊರಗೆ ಗಂಟುಗಂಟಾದ ಕಲೆಗಳು, ಒಳಗೆ ಸಿಕ್ಕುಸಿಕ್ಕಾದ ಎಳೆಗಳು ಕಂಡವು.

ಹೊರಗಿನ ಕಲೆಗಳು ಅಮೈಲಾಯ್ಡ್ ಬೀಟಾ ಎಂಬ ಪ್ರೋಟೀನ್ ತುಣುಕಿನಿಂದ ಆದವು. ಇದು ಎಲ್ಲರ ಮೆದುಳಿನಲ್ಲೂ ಹುಟ್ಟುತ್ತದೆ, ಹೊರಗೂ ಹೋಗುತ್ತದೆ. ಹುಟ್ಟುವುದು ಹೆಚ್ಚಾಗಿ ಅಥವಾ ಹೊರಹೋಗುವುದು ಕಡಿಮೆಯಾಗಿ ಒಳಗೇ ಉಳಿದಾಗ ತೊಂದರೆ ಶುರು. ಒಳಗಿನ ಸಿಕ್ಕು ಟೌ ಎಂಬ ಪ್ರೋಟೀನಿನದು.

ಸದ್ಯ ಹೆಚ್ಚು ಬಳಕೆಯಲ್ಲಿರುವ ಡೊನೆಪೆಜಿಲ್, ಮೆಮಾಂಟಿನ್ ಮೊದಲಾದ ಮಾತ್ರೆಗಳು ಕೆಲಕಾಲ ನೆನಪು ಮತ್ತು ನಡವಳಿಕೆಗೆ ಆಸರೆಯಾಗುತ್ತವೆ. ರೋಗದ ಬೇರನ್ನು ಕೀಳುವುದಿಲ್ಲ. ಅಮೈಲಾಯ್ಡನ್ನು ತೆಗೆಯುವ ಲೆಕಾನೆಮಾಬ್‌ಗೆ 2023ರಲ್ಲಿ, ಡೊನಾನೆಮಾಬ್‌ಗೆ 2024ರಲ್ಲಿ ಅಮೆರಿಕದಲ್ಲಿ ಪೂರ್ಣ ಅನುಮತಿ ಸಿಕ್ಕಿತು. ಇವು ಆರಂಭಿಕ ಹಂತದವರಿಗೆ ಮಾತ್ರ. ರೋಗದ ಓಟವನ್ನು ಸ್ವಲ್ಪ ನಿಧಾನ ಮಾಡುತ್ತವೆ, ಹೋದ ನೆನಪನ್ನು ತಂದುಕೊಡುವುದಿಲ್ಲ. ಕೆಲವರಲ್ಲಿ ಮೆದುಳಿನ ಊತ, ಸಣ್ಣ ರಕ್ತಸ್ರಾವ ಆಗುವ ಅಪಾಯವಿರುವುದರಿಂದ ಮತ್ತೆ ಮತ್ತೆ ಎಂಆರ್‌ಐ ಮಾಡಿಸಬೇಕಾಗುತ್ತದೆ.

ಹಿರೇಮದ್ದಿನ ಬೇರು ಮತ್ತು ಬಚ್ಚಲ ಮೋರಿ

ವಿಜಯಲಕ್ಷ್ಮಿ ಅವರ ಸಂಶೋಧನೆಗಳಲ್ಲಿ ಜನರಿಗೆ ಹೆಚ್ಚು ತಲುಪಿದ್ದು 2012ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಪ್ರಕಟವಾದ ಅಶ್ವಗಂಧದ ಅಧ್ಯಯನ. ಕನ್ನಡದಲ್ಲಿ ಇದಕ್ಕೆ ಹಿರೇಮದ್ದು ಎಂದೂ ಹೆಸರಿದೆ. ಇದರ ಬೇರಿನಿಂದ ತೆಗೆದು ಭಾಗಶಃ ಶುದ್ಧಗೊಳಿಸಿದ ಸಾರವನ್ನು, ಆಲ್ಜೈಮರ್ ಲಕ್ಷಣ ಬರುವಂತೆ ವಂಶವಾಹಿಗಳನ್ನು ಬದಲಿಸಿದ ಇಲಿಗಳಿಗೆ 30 ದಿನ ಬಾಯಿಯ ಮೂಲಕ ಕೊಡಲಾಯಿತು. ನಡುವಯಸ್ಸಿನ ಮತ್ತು ಮುಪ್ಪಿನ ಇಲಿಗಳಲ್ಲಿ ಕಲಿಕೆಯ ಕೊರತೆ ಸರಿಯಾಯಿತು. ಮೆದುಳಿನ ಅಮೈಲಾಯ್ಡ್ ಕಲೆಗಳೂ ತಗ್ಗಿದವು.

ತಂಡಕ್ಕೆ ಅಚ್ಚರಿ ತಂದದ್ದು ಬೇರೆ. ಮೆದುಳಿನ ಅಮೈಲಾಯ್ಡ್ ಕಡಿಮೆಯಾದಂತೆ ರಕ್ತದಲ್ಲಿ ಅದು ಹೆಚ್ಚಾಯಿತು. ಅಂದರೆ ಮೆದುಳಿನಿಂದ ಅದು ಹೊರಗೆ ಹರಿದು ಬರುತ್ತಿತ್ತು. ಹೊರಗೆಳೆಯುತ್ತಿದ್ದದ್ದು ಯಾರು? ಉತ್ತರ ಸಿಕ್ಕಿದ್ದು ಯಕೃತ್ತಿನಲ್ಲಿ.

ಮನೆಯ ಬಚ್ಚಲಲ್ಲಿ ನೀರು ನಿಂತಿದೆ ಎನ್ನೋಣ. ಎಷ್ಟು ಗುಡಿಸಿದರೂ ಹೋಗುತ್ತಿಲ್ಲ. ಹೊರಗೆ ಹೋಗಿ ನೋಡಿದರೆ ಮೋರಿ ಕಟ್ಟಿಕೊಂಡಿದೆ. ಮೋರಿ ಬಿಡಿಸಿದರೆ ಬಚ್ಚಲ ನೀರು ತಾನಾಗಿ ಇಳಿಯುತ್ತದೆ. ಇಲ್ಲೂ ಹಾಗೆಯೇ. ಎಲ್‌ಆರ್‌ಪಿ ಎಂಬ ಪ್ರೋಟೀನ್ ಯಕೃತ್ತಿನಲ್ಲಿದ್ದು ಅಮೈಲಾಯ್ಡನ್ನು ಹಿಡಿದು ವಿಲೇವಾರಿ ಮಾಡುತ್ತದೆ. ಅದರ ಒಂದು ತುಣುಕು ರಕ್ತದಲ್ಲೂ ಓಡಾಡುತ್ತಾ ಅಮೈಲಾಯ್ಡನ್ನು ಅಂಟಿಸಿಕೊಳ್ಳುತ್ತದೆ. ಅಶ್ವಗಂಧದ ಸಾರ ಯಕೃತ್ತಿನ ಎಲ್‌ಆರ್‌ಪಿಯನ್ನು ಹೆಚ್ಚಿಸಿತು, ರಕ್ತದಲ್ಲಿನ ತುಣುಕೂ ಹೆಚ್ಚಾಯಿತು, ಮೆದುಳಿನ ಅಮೈಲಾಯ್ಡ್ ಆ ಕಡೆಗೆ ಇಳಿಯಿತು.

ಇದು ನಿಜವೇ ಎಂದು ಪರೀಕ್ಷಿಸಲು ತಂಡವು ಯಕೃತ್ತಿನ ಎಲ್‌ಆರ್‌ಪಿಯನ್ನು ಮಾತ್ರ ಕುಗ್ಗಿಸಿ ಅದೇ ಸಾರವನ್ನು ಕೊಟ್ಟಿತು. ಆಗ ಯಾವ ಪ್ರಯೋಜನವೂ ಕಾಣಲಿಲ್ಲ. ಕಾರಣ ಎಲ್ಲಿದೆ ಎಂಬುದು ಖಚಿತವಾಯಿತು. ಮೆದುಳಿನ ರೋಗಕ್ಕೆ ಮದ್ದು ಮೆದುಳಿನೊಳಗೆ ಹೋಗಲೇಬೇಕೆಂದಿಲ್ಲ, ಹೊರಗಿನಿಂದಲೂ ಕೆಲಸ ಮಾಡಬಹುದು ಎಂಬುದು ಈ ಅಧ್ಯಯನದ ನಿಜವಾದ ಬೆಲೆ. ಮೊದಲು ಹೇಳಿದ ಕಾವಲಿನ ತೊಡಕಿಗೆ ಇದೊಂದು ಹೊಸ ದಾರಿ.

ಹಾಗಾದರೆ ಅಶ್ವಗಂಧ ಪುಡಿ ತಿನ್ನಬಹುದೇ?

ಇಲ್ಲಿ ಎಚ್ಚರ ಬೇಕು. ಇಲಿಯಲ್ಲಿ ಆದದ್ದು ಮನುಷ್ಯನಲ್ಲೂ ಆಗುತ್ತದೆ ಎಂಬ ಖಾತರಿಯಿಲ್ಲ. ಈ ಇಲಿಗಳಿಗೆ ಅಮೈಲಾಯ್ಡ್ ಕಲೆಗಳು ಬರುತ್ತವೆ, ಆದರೆ ಮನುಷ್ಯರಲ್ಲಿ ಆಗುವಷ್ಟು ನರಕೋಶಗಳ ನಾಶ ಆಗುವುದಿಲ್ಲ. ಅಮೈಲಾಯ್ಡ್ ವಿರುದ್ಧ ಇಲಿಗಳಲ್ಲಿ ಗೆದ್ದ ಎಷ್ಟೋ ಔಷಧಿಗಳು ಮನುಷ್ಯರಲ್ಲಿ ಸೋತಿವೆ. ಪ್ರಯೋಗದಲ್ಲಿ ಬಳಸಿದ್ದು ಅಂಗಡಿಯ ಪುಡಿಯನ್ನಲ್ಲ, ಪ್ರಯೋಗಾಲಯದಲ್ಲಿ ತಯಾರಿಸಿದ ಸಾರವನ್ನು, ಅದೂ ಇಲಿಯ ತೂಕಕ್ಕೆ ಹೋಲಿಸಿದರೆ ದೊಡ್ಡ ಪ್ರಮಾಣದಲ್ಲಿ.

ಅಶ್ವಗಂಧ ಎಲ್ಲರಿಗೂ ನಿರಪಾಯವೂ ಅಲ್ಲ. ಅಪರೂಪವಾಗಿ ಕೆಲವರಲ್ಲಿ ಯಕೃತ್ತಿಗೆ ಹಾನಿಯಾದ ವರದಿಗಳಿವೆ. ಥೈರಾಯ್ಡ್ ಹಾರ್ಮೋನನ್ನು ಅದು ಏರಿಸಬಹುದು. ನಿದ್ದೆ ಮಾತ್ರೆಯೊಂದಿಗೆ ಸೇರಿದರೆ ಮಂಪರು ಹೆಚ್ಚಬಹುದು, ಸಕ್ಕರೆ ಕಾಯಿಲೆಯ ಮಾತ್ರೆಯೊಂದಿಗೆ ಸಕ್ಕರೆ ಮಟ್ಟ ಇಳಿಯಬಹುದು. ಮನೆಯ ಹಿರಿಯರಿಗೆ ಕೊಡುವ ಮುನ್ನ ವೈದ್ಯರಿಗೆ ತಿಳಿಸಲೇಬೇಕು. ಅವರು ಬರೆದ ಮಾತ್ರೆ ನಿಲ್ಲಿಸಿ ಅದರ ಬದಲಿಗೆ ಪುಡಿ ಕೊಡುವುದಂತೂ ಕೂಡದು.

ಕಂದಮೂಲ ಬಿಟ್ಟಿರುವ ಮನೆಗಳಲ್ಲಿ ಇನ್ನೊಂದು ಪ್ರಶ್ನೆಯೂ ಏಳುತ್ತದೆ, ಏಕೆಂದರೆ ಇಲ್ಲಿ ಬಳಸುವುದು ಬೇರನ್ನು. ಒಣಗಿದ ಬೇರು ಔಷಧಿಯಾಗಿ ಸಲ್ಲುತ್ತದೆಯೇ ಎಂಬುದು ಆಯಾ ಮನೆಯವರ, ವ್ರತ ತೊಟ್ಟವರ ವಿಚಾರ. ವಿಜ್ಞಾನದ ಕಡೆಯಿಂದ ಹೇಳಬಹುದಾದದ್ದು ಇಷ್ಟು: ಮರೆವಿನ ರೋಗವನ್ನು ಅಶ್ವಗಂಧ ಗುಣಪಡಿಸುತ್ತದೆ ಎಂಬುದು ಮನುಷ್ಯರಲ್ಲಿ ಸಾಬೀತಾಗಿಲ್ಲ. ಆದ್ದರಿಂದ ಅದಕ್ಕಾಗಿ ಯಾರೂ ತಮ್ಮ ನೇಮವನ್ನು ಮುರಿಯಬೇಕಾದ, ಕೊಡಲಿಲ್ಲವಲ್ಲ ಎಂದು ಕೊರಗಬೇಕಾದ ಅಗತ್ಯವಿಲ್ಲ.

ಮರೆವು ಕಾಣುವ ಮೊದಲೇ ಆಗುವ ನಷ್ಟ

ನರಕೋಶದ ಟೊಂಗೆಗಳ ಮೇಲೆ ಮುಳ್ಳಿನಂಥ ಪುಟ್ಟ ಚಾಚುಗಳಿರುತ್ತವೆ. ಒಂದು ಕೋಶದಿಂದ ಇನ್ನೊಂದಕ್ಕೆ ಸಂದೇಶ ದಾಟುವುದು ಹೆಚ್ಚಾಗಿ ಇಲ್ಲಿಯೇ. ಹೊಸದನ್ನು ಕಲಿತಾಗ ಈ ಚಾಚುಗಳು ಬಲಗೊಳ್ಳುತ್ತವೆ. ಅವು ನಿಂತಿರುವುದು ಆಕ್ಟಿನ್ ಎಂಬ ಪ್ರೋಟೀನಿನ ಎಳೆಗಳ ಮೇಲೆ, ಚಪ್ಪರ ಗಳುಗಳ ಮೇಲೆ ನಿಂತಂತೆ. 2018ರಲ್ಲಿ ವಿಜಯಲಕ್ಷ್ಮಿ ಅವರ ತಂಡ ಪ್ರಕಟಿಸಿದ ಅಧ್ಯಯನದಲ್ಲಿ, ಮರೆವಿನ ಲಕ್ಷಣ ಕಾಣುವುದಕ್ಕೆ ಬಹಳ ಮೊದಲೇ ಇಲಿಗಳಲ್ಲಿ ಈ ಎಳೆಗಳು ಕಳಚಿಕೊಳ್ಳುತ್ತಿರುವುದು ಕಂಡಿತು. ಆಲ್ಜೈಮರ್‌ನಿಂದ ತೀರಿಕೊಂಡವರು ದಾನ ಮಾಡಿದ್ದ ಮೆದುಳಿನಲ್ಲೂ ಈ ಎಳೆಗಳು ಕಡಿಮೆಯಿದ್ದವು.

ಕಳಚುವುದಕ್ಕೆ ಕಾರಣಗಳಲ್ಲೊಂದು ಮತ್ತೆ ಅದೇ ತುಕ್ಕು. 2019ರ ಅಧ್ಯಯನದಲ್ಲಿ ಗ್ಲುಟಾರೆಡಾಕ್ಸಿನ್ ಹೆಚ್ಚಿಸಿದಾಗ ಇಲಿಗಳಲ್ಲಿ ಆಕ್ಟಿನ್‌ಗೆ ಆದ ಹಾನಿ ಕಡಿಮೆಯಾಯಿತು, ನೆನಪಿನ ಕೊರತೆಯೂ ನೀಗಿತು. ಕೇಸರಿ ಬೇಳೆಯ ಕಾಲದಲ್ಲಿ ಸಿಕ್ಕ ಕಿಣ್ವ ಇಪ್ಪತ್ತು ವರ್ಷಗಳ ನಂತರ ಇಲ್ಲಿ ಕೆಲಸಕ್ಕೆ ಬಂತು. ಮದ್ದು ಕೊಡುವುದಾದರೆ ಕೋಶಗಳು ಸತ್ತ ಮೇಲಲ್ಲ, ಗಳುಗಳು ಸಡಿಲವಾಗುವ ಹೊತ್ತಿಗೇ ಕೊಡಬೇಕು ಎಂಬ ಸುಳಿವು ಇದರಲ್ಲಿದೆ. ಆದರೆ ಆ ಹೊತ್ತನ್ನು ಗುರುತಿಸುವುದು ಹೇಗೆ? ಅದಕ್ಕೆ ರೋಗಿಗಳನ್ನಲ್ಲ, ಆರೋಗ್ಯವಾಗಿರುವ ಜನರನ್ನು ವರ್ಷಗಟ್ಟಲೆ ಗಮನಿಸಬೇಕು.

ಶ್ರೀನಿವಾಸಪುರದ ಹಳ್ಳಿಗಳಲ್ಲಿ

ಮಾವಿಗೆ ಹೆಸರಾದ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕನ್ನು ಮೆದುಳು ಸಂಶೋಧನಾ ಕೇಂದ್ರ ಇದಕ್ಕಾಗಿ ಆರಿಸಿಕೊಂಡಿತು. ಸ್ಯಾನ್ಸ್‌ಕಾಗ್ ಎಂಬ ಹೆಸರಿನ ಈ ಅಧ್ಯಯನದ ಗುರಿ 45 ವರ್ಷ ದಾಟಿದ ಸುಮಾರು 10,000 ಗ್ರಾಮಸ್ಥರು. ನೆನಪು ಮತ್ತು ಆಲೋಚನೆಯ ಪರೀಕ್ಷೆ, ರಕ್ತ ಪರೀಕ್ಷೆ, ಎಂಆರ್‌ಐ ಮೊದಲಾದವನ್ನು ಮಾಡಿ, ಅದೇ ವ್ಯಕ್ತಿಗಳನ್ನು ಮುಂದಿನ ವರ್ಷಗಳಲ್ಲೂ ಮತ್ತೆ ಮತ್ತೆ ನೋಡಲಾಗುತ್ತದೆ. ನಗರದವರನ್ನು ಹೋಲಿಸಲು ಬೆಂಗಳೂರಿನಲ್ಲಿ ಸುಮಾರು ಸಾವಿರ ಜನರ ಗುರಿಯೊಂದಿಗೆ ಟಾಟಾ ಟ್ರಸ್ಟ್ಸ್ ನೆರವಿನ ಇನ್ನೊಂದು ಅಧ್ಯಯನವೂ ಇದೆ.

ಇಲ್ಲೊಂದು ವಿಶೇಷ ಸವಾಲಿತ್ತು. ಪಾಶ್ಚಾತ್ಯ ದೇಶಗಳ ನೆನಪಿನ ಪರೀಕ್ಷೆಗಳು ಓದು ಬರಹ ಬಲ್ಲವರಿಗಾಗಿ ಮಾಡಿದವು. ಪೆನ್ನು ಹಿಡಿಯದ ರೈತನಿಗೆ ಚಿತ್ರ ಬರೆಯಲು ಹೇಳಿ, ಬರೆಯಲಾಗದಿದ್ದರೆ ಮೆದುಳು ಕೆಟ್ಟಿದೆ ಎನ್ನಲಾದೀತೇ? ಹಾಗಾಗಿ ಅಕ್ಷರ ಬಾರದವರಿಗೂ ಒಪ್ಪುವಂತೆ, ಅವರ ಭಾಷೆ ಮತ್ತು ಬದುಕಿಗೆ ಹೊಂದುವಂತೆ ಪರೀಕ್ಷೆಗಳು ಬೇಕಾದವು. ಭಾರತೀಯರ ರೋಗವನ್ನು ಭಾರತೀಯರನ್ನೇ ನೋಡಿ ತಿಳಿಯಬೇಕು ಎಂಬುದು ಈ ಕೆಲಸದ ಹಿಂದಿನ ನಿಲುವು. ದೇಶದ ನಾನಾ ಸಮುದಾಯಗಳ ಸುಮಾರು 10,000 ಜನರ ವಂಶವಾಹಿ ಮಾಹಿತಿಯನ್ನು ಸಂಗ್ರಹಿಸಿದ ಜೀನೋಮ್ ಇಂಡಿಯಾ ಯೋಜನೆಯನ್ನೂ ಇದೇ ಕೇಂದ್ರ ಮುನ್ನಡೆಸಿತು.

ಪ್ರಾಣಿಗಳ ಮೇಲಿನ ಪ್ರಯೋಗದ ಪ್ರಶ್ನೆ

ಇಲಿಗಳ ಮಾತು ಬಂದಾಗ ಓದುಗರಲ್ಲಿ ಹಲವರ ಮನಸ್ಸು ನೋಯುವುದು ಸಹಜ. ಭಾರತದಲ್ಲಿ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಅಡಿ ಕೇಂದ್ರ ಸಮಿತಿಯೊಂದು ಇಂಥ ಪ್ರಯೋಗಗಳ ಮೇಲೆ ನಿಯಂತ್ರಣ ಹೊಂದಿದೆ. ಬದಲಿ ದಾರಿಗಳೂ ಬೆಳೆಯುತ್ತಿವೆ. ಮನುಷ್ಯನ ಚರ್ಮ ಅಥವಾ ರಕ್ತದ ಕೋಶಗಳಿಂದಲೇ ಪ್ರಯೋಗಾಲಯದಲ್ಲಿ ನರಕೋಶ ಬೆಳೆಸಿ ಔಷಧಿ ಪರೀಕ್ಷಿಸುವುದು, ಕಂಪ್ಯೂಟರ್ ಮಾದರಿಗಳು ಇವುಗಳಲ್ಲಿ ಕೆಲವು. 2023ರಲ್ಲಿ ಕೇಂದ್ರ ಸರ್ಕಾರ ಹೊಸ ಔಷಧಿಗಳ ನಿಯಮಗಳಿಗೆ ತಿದ್ದುಪಡಿ ತಂದು ಪ್ರಾಣಿಗಳಿಲ್ಲದ ಇಂಥ ವಿಧಾನಗಳಿಗೂ ಅವಕಾಶ ಕೊಟ್ಟಿತು.

ಇದರಲ್ಲಿ ಕುಟುಂಬಗಳ ಪಾಲೂ ಇದೆ. ನಿಮ್ಹಾನ್ಸ್‌ನಲ್ಲಿ 1995ರಿಂದ ಮಾನವ ಮೆದುಳು ಅಂಗಾಂಶ ಭಂಡಾರವಿದೆ. ಮರಣಾನಂತರ ಕುಟುಂಬದವರ ಒಪ್ಪಿಗೆಯಿಂದ ಬಂದ ಮೆದುಳನ್ನು ಇಲ್ಲಿ ಕಾಪಿಟ್ಟು ಸಂಶೋಧಕರಿಗೆ ಒದಗಿಸುತ್ತಾರೆ. ನೇತ್ರದಾನಕ್ಕೆ ಮುಂದಾಗುವ ಮನೆಗಳು ಈ ದಾನದ ವಿಷಯವನ್ನೂ ತಿಳಿದುಕೊಳ್ಳಬಹುದು. ಮನುಷ್ಯನ ಮೆದುಳು ನೇರವಾಗಿ ಸಿಕ್ಕಷ್ಟೂ ಮನುಷ್ಯನ ರೋಗ ಹೆಚ್ಚು ಸ್ಪಷ್ಟವಾಗುತ್ತದೆ.

ಮನೆಯವರು ಇಂದೇ ಮಾಡಬಹುದಾದದ್ದು

ಗುಣಪಡಿಸುವ ಮದ್ದು ಇನ್ನೂ ಬಂದಿಲ್ಲ. ಆದರೆ ಕೈಕಟ್ಟಿ ಕೂರಬೇಕಾಗಿಲ್ಲ. 2024ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ 14 ಅಪಾಯಕಾರಿ ಅಂಶಗಳನ್ನು ಪಟ್ಟಿ ಮಾಡಿತು. ಅವನ್ನು ನಿವಾರಿಸಿದರೆ ಡಿಮೆನ್ಷಿಯಾ ಪ್ರಕರಣಗಳಲ್ಲಿ ಸುಮಾರು ಶೇ. 45ರಷ್ಟನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂಬುದು ಅದರ ಅಂದಾಜು. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಕೆಟ್ಟ ಕೊಲೆಸ್ಟರಾಲ್, ಬೊಜ್ಜು, ಧೂಮಪಾನ, ಅತಿಯಾದ ಮದ್ಯ, ನಡಿಗೆ ವ್ಯಾಯಾಮ ಇಲ್ಲದಿರುವುದು, ತಲೆಗೆ ಪೆಟ್ಟು, ಖಿನ್ನತೆ, ಒಂಟಿತನ, ಕಿವಿ ಕೇಳಿಸದಿರುವುದು, ಕಣ್ಣು ಕಾಣಿಸದಿರುವುದು, ಕಡಿಮೆ ಶಿಕ್ಷಣ, ವಾಯುಮಾಲಿನ್ಯ ಇವು ಆ ಅಂಶಗಳು. ಅಜ್ಜಿಗೆ ಕಿವಿಯ ಯಂತ್ರ ಹಾಕಿಸುವುದು, ಪೊರೆ ಬಂದ ಕಣ್ಣಿಗೆ ಶಸ್ತ್ರಚಿಕಿತ್ಸೆ ಮಾಡಿಸುವುದೂ ಮೆದುಳಿನ ಆರೈಕೆಯೇ.

ಸಸ್ಯಾಹಾರಿ ಮನೆಗಳು ಮುಖ್ಯವಾಗಿ ಗಮನಿಸಬೇಕಾದದ್ದು ವಿಟಮಿನ್ ಬಿ12. ಇದು ಸೊಪ್ಪು, ಕಾಳು, ತರಕಾರಿಗಳಲ್ಲಿ ಸಿಗುವುದಿಲ್ಲ. ಹಾಲು ಮೊಸರಿನಲ್ಲಿ ಸ್ವಲ್ಪ ಸಿಗುತ್ತದೆ. ವಯಸ್ಸಾದಂತೆ ಹೀರಿಕೊಳ್ಳುವ ಶಕ್ತಿ ಕುಂದುತ್ತದೆ. ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್, ಹೊಟ್ಟೆಯ ಆಮ್ಲ ತಗ್ಗಿಸುವ ಮಾತ್ರೆಗಳನ್ನು ಬಹುಕಾಲ ತೆಗೆದುಕೊಂಡರೂ ಬಿ12 ಕಡಿಮೆಯಾಗುತ್ತದೆ. ಕೊರತೆಯಾದರೆ ಮರೆವು, ಗೊಂದಲ, ಕಾಲು ಜುಮ್ಮೆನ್ನುವುದು, ನಡಿಗೆ ತಪ್ಪುವುದು ಉಂಟಾಗುತ್ತವೆ. ಒಂದು ರಕ್ತ ಪರೀಕ್ಷೆಯಿಂದ ಇದು ಗೊತ್ತಾಗುತ್ತದೆ, ಬೇಗ ಕಂಡರೆ ಸರಿಹೋಗುತ್ತದೆ. ಔಷಧಿಯ ಬಿ12 ಅನ್ನು ಸೂಕ್ಷ್ಮಜೀವಿಗಳ ಹುದುಗುವಿಕೆಯಿಂದ ತಯಾರಿಸುತ್ತಾರೆ. ಆದರೆ ಕೆಲವು ಕ್ಯಾಪ್ಸೂಲ್‌ಗಳ ಹೊದಿಕೆ ಪ್ರಾಣಿಜನ್ಯ ಜೆಲಾಟಿನ್ ಆಗಿರುತ್ತದೆ. ಅದು ಬೇಡವೆನ್ನುವವರು ಮಾತ್ರೆ ಅಥವಾ ಚುಚ್ಚುಮದ್ದು ಕೊಡುವಂತೆ ವೈದ್ಯರನ್ನು ಕೇಳಬಹುದು.

ಥೈರಾಯ್ಡ್ ಕೊರತೆ, ಖಿನ್ನತೆ, ಬಿದ್ದ ಪೆಟ್ಟಿನಿಂದ ತಲೆಯೊಳಗೆ ನಿಧಾನವಾಗಿ ಸೇರಿದ ರಕ್ತ, ಮಾತ್ರೆಗಳ ಅಡ್ಡ ಪರಿಣಾಮ ಇವೂ ಮರೆವಿನಂತೆ ಕಾಣಿಸಿಕೊಂಡು, ಚಿಕಿತ್ಸೆಗೆ ಬಗ್ಗುವಂಥವು. ಆದ್ದರಿಂದ ಹೊಸದಾಗಿ ಮರೆವು ಕಂಡಾಗ "ವಯಸ್ಸು" ಎಂದು ಸುಮ್ಮನಾಗದೆ ಒಮ್ಮೆ ಪರೀಕ್ಷೆ ಮಾಡಿಸಬೇಕು.

ಪರ್ವದ ದಿನಗಳಲ್ಲಿ ಉಪವಾಸ ಮಾಡುವ ಹಿರಿಯರ ಬಗ್ಗೆ ಇನ್ನೊಂದು ಮಾತು. ಪಾರ್ಕಿನ್ಸನ್ ಕಾಯಿಲೆಗೆ ಕೊಡುವ ಲೆವೊಡೋಪಾ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಿದರೆ ಮೈ ಸೆಟೆದು, ಜ್ವರ ಏರಿ, ಪ್ರಾಣಕ್ಕೇ ಅಪಾಯವಾಗಬಹುದು. ಅಪಸ್ಮಾರದ ಮಾತ್ರೆ ತಪ್ಪಿದರೆ ಫಿಟ್ಸ್ ಬರಬಹುದು. ಸಕ್ಕರೆಯ ಮಾತ್ರೆ ನುಂಗಿ ಊಟ ಬಿಟ್ಟರೆ ಸಕ್ಕರೆ ಕುಸಿದು ಪ್ರಜ್ಞೆ ತಪ್ಪಬಹುದು. ಸೂರ್ಯಾಸ್ತದ ನಂತರ ಏನನ್ನೂ ಸೇವಿಸದವರಿಗೆ ಮಾತ್ರೆಯ ಹೊತ್ತು ಹೊಂದಿಸಲು ಅನೇಕ ವೇಳೆ ದಾರಿಯಿರುತ್ತದೆ. ಅದಕ್ಕೆ ಕೆಲವು ವಾರ ಮೊದಲೇ ವೈದ್ಯರೊಂದಿಗೆ ಮನಬಿಚ್ಚಿ ಮಾತನಾಡಬೇಕು. ವೈದ್ಯರಿಗೆ ಹೇಳದೆ ತಾವೇ ಬಿಡುವುದು ಸಲ್ಲದು.

ಕರ್ನಾಟಕ ಸರ್ಕಾರ ನಿಮ್ಹಾನ್ಸ್ ಜೊತೆ ಸೇರಿ ಕರ್ನಾಟಕ ಮೆದುಳು ಆರೋಗ್ಯ ಉಪಕ್ರಮವನ್ನು ನಡೆಸುತ್ತಿದ್ದು, ಜಿಲ್ಲಾ ಆಸ್ಪತ್ರೆಗಳಲ್ಲಿ ಮೆದುಳು ಆರೋಗ್ಯ ಕ್ಲಿನಿಕ್‌ಗಳನ್ನು ತೆರೆಯಲಾಗಿದೆ. ಹಿರಿಯ ನಾಗರಿಕರ ಸಹಾಯವಾಣಿ 14567, ಮಾನಸಿಕ ಆರೋಗ್ಯದ ಟೆಲಿ ಮನಸ್ ಸಹಾಯವಾಣಿ 14416. ರೋಗಿಯನ್ನು ನೋಡಿಕೊಳ್ಳುತ್ತಾ ತಾವೇ ಬಳಲಿರುವ ಸೊಸೆಯಂದಿರು, ಮಕ್ಕಳೂ ಇಲ್ಲಿ ನೆರವು ಕೇಳಬಹುದು.

ಔಷಧಿ ಸಂಶೋಧನೆ ಒಂದು ದಿನದ ಸುದ್ದಿಯಲ್ಲ. ಕೇಸರಿ ಬೇಳೆಯ ವಿಷದಿಂದ ಆಲ್ಜೈಮರ್‌ನ ಆಕ್ಟಿನ್ ಎಳೆಯವರೆಗೆ ಬರಲು ಒಂದು ತಂಡಕ್ಕೆ ಎರಡು ದಶಕ ಹಿಡಿಯಿತು. ಅಲ್ಲಿಂದ ರೋಗಿಯ ಕೈಗೆ ಮಾತ್ರೆ ಬರಲು ಇನ್ನೂ ಹಲವು ಮೆಟ್ಟಿಲುಗಳಿವೆ. ಅಲ್ಲಿಯವರೆಗೆ "ನನಗೆ ತಿಂಡಿ ಕೊಡಲಿಲ್ಲ" ಎನ್ನುವ ಹಿರಿಯರೊಂದಿಗೆ ವಾದಕ್ಕಿಳಿಯಬೇಕಾಗಿಲ್ಲ. ಪಕ್ಕದಲ್ಲಿ ಕುಳಿತು ಒಂದು ಲೋಟ ಹಾಲು ಕೊಟ್ಟು, ವೈದ್ಯರ ಭೇಟಿಗೆ ದಿನ ಗೊತ್ತು ಮಾಡಿದರೆ ಆ ದಿನದ ಮಟ್ಟಿಗೆ ಅದೇ ಒಳ್ಳೆಯ ಆರೈಕೆ.